ಓರಗಿತ್ತಿಯ ಹತ್ತು ಕಸಿ

ಚಳಿ ಇನ್ನೂ ಪೂರ್ತಿ ಹೋಗಿಲ್ಲ, ಕಾಲೇಜಿನ ಗಾಜಿನ ಮನೆಯ ಸೂರಿನಿಂದ ಹನಿಯೊಂದು ಕುತ್ತಿಗೆಯ ಮೇಲೆ ಬಿತ್ತು, ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಸೇಬಿನ ಕಡ್ಡಿ, ಬುಡ ಓರೆಯಾಗಿ ಕೊಯ್ಯಬೇಕು, ತುದಿ ನೇರವಾಗಿ, ಆಗ ಮೇಲ್ಯಾವುದು ಕೆಳಗ್ಯಾವುದು ಮರೆಯುವುದಿಲ್ಲ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು — ಹೇಳಿದ್ದು ಎಲ್ಲರಿಗೂ, ಹೊಗಳುವುದು ಮಾತ್ರ ನನ್ನ ಪಕ್ಕದಲ್ಲಿ ನಿಂತಿರುವ ಮೈದುನನ ಹೆಂಡತಿಯನ್ನು, ಏನು ಕೈಗುಣ ರೀ ನಿಮ್ದು, ನೆಟ್ಟಿದ್ದೆಲ್ಲ ಹತ್ತುತ್ತೆ — ಹತ್ತದೆ ಏನು, ಅವಳಿಗೆ ಕುಡುಗೋಲು ಹಿಡಿಯಲು ಕಲಿಸಿದವಳು ನಾನು, ಹದಿನೆಂಟು ವರ್ಷ ಹಿತ್ತಿಲ ಮಣ್ಣನ್ನು ಉಗುರಲ್ಲಿಟ್ಟುಕೊಂಡೇ ಉಂಡವಳು ನಾನು, ಈ ತೋಟಗಾರಿಕೆ ತರಗತಿಗೆ ಅರ್ಜಿ ತಂದವಳೂ ನಾನೇ, ಅಕ್ಕಾ ನಾನೂ ಬರ್ತೀನಿ, ಮನೇಲಿ ಕೂತು ಗೋಡೆ ಜೊತೆ ಮಾತಾಡ್ಲಾ ಅಂದಳು, ಬಾರೇ ಅಂದೆ, ಅಂದ ನಾಲಿಗೆಗೆ ಬೆಂಕಿ ಬೀಳ. ಇವತ್ತು ನಮ್ಮಿಬ್ಬರಿಗೂ ಹತ್ತತ್ತು ಕುಂಡ, ಕುಂಡಕ್ಕೊಂದು ಕಾಡುಸೇಬಿನ ಬುಡಗಿಡ, ಅದರ ತಲೆ ಸೀಳಿ ಕಡ್ಡಿ ಕಸಿ ಕಟ್ಟಬೇಕು, ಮೂರು ವಾರದ ಮೇಲೆ ಯಾರದ್ದು ಹೆಚ್ಚು ಚಿಗುರುತ್ತದೋ ಅವರಿಗೆ ಈ ಗಾಜಿನ ಮನೆ ನೋಡಿಕೊಳ್ಳುವ ಕೆಲಸ, ಇರುವುದೊಂದೇ ಕೆಲಸ, ಬೆಳಿಗ್ಗೆ ಬೀಗ ತೆಗೆದು ಮೊದಲ ಹಸಿ ಉಸಿರು ಎಳೆದುಕೊಳ್ಳುವವಳು ನಾನಾಗಬೇಕು, ಈ ವಯಸ್ಸಿನಲ್ಲಾದರೂ ಒಂದು ಬಾಗಿಲು ನನ್ನದಾಗಬೇಕು.

ನಿನ್ನ ಮೈದುನ ಇವತ್ತು ಮೊಟ್ಟೆ ಬೇಯಿಸ್ತೀನಿ ಅಂತ ಹೋಗಿ ಪಾತ್ರೆನೇ ಬೇಯಿಸಿಬಿಟ್ರು ಅಕ್ಕಾ — ನಗುತ್ತಲೇ ಕೊಯ್ದಳು, ಹತ್ತೂ ಕಡ್ಡಿಗೆ ಎರಡೂ ಕಡೆ ನೇರ, ಕಂತೆಯಾಗಿ ಬಕೆಟ್ಟಿನ ನೀರಿಗೆ ಹಾಕಿದಳು, ತೆಗೆಯುವಾಗ ತಲೆಕೆಳಗು, ತಲೆಕೆಳಗಾಗಿಯೇ ಚೂಪು ಮಾಡಿ ಸೀಳಿಗೆ ಇಳಿಸಿದಳು, ಉದುರಿದ ಎಲೆಯ ಗಾಯ ಮೇಲೆ, ಮೊಗ್ಗು ಅದರ ಕೆಳಗೆ, ಮೂತಿ ಮಣ್ಣಿನ ಕಡೆಗೆ — ಕಂಡೆ, ಮೊದಲ ಕುಂಡದಲ್ಲೇ ಕಂಡೆ, ಹೀಗಿಟ್ಟರೆ ಒಂದೂ ಹತ್ತುವುದಿಲ್ಲ, ಎಂಟನೆಯದರ ಹೊತ್ತಿಗೆ ಎದೆ ಹಗುರಾಗಿತ್ತು, ಥೂ, ಹೋದ ವರ್ಷ ಮಣಿಕಟ್ಟು ಮುರಿದಾಗ ನಲವತ್ತು ದಿನ ನನಗೆ ಜಡೆ ಹಾಕಿದವಳು ಇವಳೇ ಅಲ್ಲವೇ, ನನ್ನ ಪುಸ್ತಕದಲ್ಲಿ ಎಲೆಯ ಚಿತ್ರ ಬರೆದು, ಪಾಸಾದದ್ದು ಅಕ್ಕನೇ, ನಾನು ಬರೀ ಪೆನ್ಸಿಲ್ಲು ಅಂತ ಮೇಷ್ಟ್ರ ಮುಂದೆ ನಕ್ಕವಳು, ಆ ನಗುವಿಗೂ ಉರಿದಿದ್ದೆನಲ್ಲ, ಆ ಋಣ ಎಲ್ಲಿ ತೀರಿಸಲಿ — ಇಲ್ಲೇ ತೀರಿಸಬಹುದು, ತಿರುಗಿಸೇ ಹುಚ್ಚಿ ಅಂದರಾಯಿತು, ಎರಡೇ ಮಾತು, ಹೊಸ ಕಡ್ಡಿ ಬೇಕಾದಷ್ಟಿವೆ, ಗಂಟೆ ಇನ್ನೂ ಹೊಡೆದಿಲ್ಲ.

ಅಕ್ಕಾ, ಸರಿಯಿದೆಯಾ ನೋಡು, ಇನ್ನು ಮೇಣ ಬಳೀತೀನಿ.

ನೋಡಿದೆ, ಸಾಲಾಗಿ ಹತ್ತು, ಮೂತಿ ಮಣ್ಣಿನ ಕಡೆಗೆ, ಬಾಯಿ ತೆರೆದೆ, ಮೇಣದ ಡಬ್ಬಿ ನನ್ನ ಮುಂದೆಯೇ ಇತ್ತು, ತಗೋ, ಬಿಸಿಯಿದೆ, ಬೆರಳು ಜೋಪಾನ ಅಂದೆ, ಅಷ್ಟೇ ಅಂದೆ, ಅವಳು ನಂಬಿದಳು, ಒಂದೊಂದನ್ನೇ ಮುಚ್ಚುತ್ತಿದ್ದಾಳೆ, ಮೇಣ ಹರಿದು ಬಿಳಿಚುತ್ತಿದೆ, ಮೊಗ್ಗು ಮಣ್ಣಿನ ಕಡೆಗೆ, ಮೊಗ್ಗು ಮಣ್ಣಿನ ಕಡೆಗೆ, ಮೊಗ್ಗು —