ನೆಲಕ್ಕೂ ಹಿಗ್ಗಲು ಜಾಗ ಬೇಕು

ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆ ಹಿಡಿದರೆ ಕರಾವಳಿಯ ಕಾಪುವಿನಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಮರದ ಬಾಗಿಲುಗಳು ಉಬ್ಬಿ ಬಿಗಿಯಾಗುತ್ತವೆ. ಹಾಗಾಗಿ ಬಾಣಂತಿ ಮಗಳು ಚೈತನ್ಯಾ ಕೋಣೆಯೊಳಗಿಂದ, "ಅಮ್ಮಾ, ಬಾಗಿಲು ತೆಗೆಯಲಿಕ್ಕೆ ಆಗ್ತಾ ಇಲ್ಲ" ಎಂದಾಗ ಸರಸ ತಲೆಕೆಡಿಸಿಕೊಳ್ಳಲಿಲ್ಲ.

"ಮಳೆಗೆ ಉಬ್ಬಿರ್ಬೇಕು. ಸ್ವಲ್ಪ ಜೋರಾಗಿ ಎಳಿ."

"ಬಾಗಿಲಲ್ಲಮ್ಮ. ನೆಲ ಎದ್ದಿದೆ."

ಸರಸಳಿಗೆ ಅರ್ಥವಾಗಲಿಲ್ಲ. ಅಂಗಳಕ್ಕೆ ಓಡಿ ಕಿಟಕಿಯಲ್ಲಿ ಇಣುಕಿದಳು. ಬಾಣಂತನಕ್ಕೆ ಬರುವ ಮಗಳ ಕಾಲಿಗೆ ತಂಪು ತಾಗಬಾರದೆಂದು ಬೇಸಗೆಯಲ್ಲಿ ಹಾಸಿಸಿದ್ದ ಮರದ ನೆಲ ಬಾಗಿಲ ಹತ್ತಿರ ದಿಬ್ಬದ ಹಾಗೆ ಎದ್ದು ನಿಂತಿತ್ತು. ಒಳಕ್ಕೆ ತೆರೆಯುವ ಬಾಗಿಲು ಅದಕ್ಕೆ ಕಚ್ಚಿಕೊಂಡಿತ್ತು. ನೋಡುತ್ತಿದ್ದಂತೆಯೇ ಟಪ್ಪೆಂದು ಇನ್ನೊಂದು ಹಲಗೆ ಸಿಡಿಯಿತು. ಹಸುಗೂಸು ಬೆಚ್ಚಿ ಕಿರುಚತೊಡಗಿತು. ಕಿಟಕಿಗೆ ಕಬ್ಬಿಣದ ಸರಳು.

ಸರಸಳ ಗಂಡ ವಾಸು ದೋಣಿ ಕೆಲಸದವ, ಗಟ್ಟಿ ಆಳು. ಅವನು ಹೆಗಲು ಕೊಟ್ಟು ತಳ್ಳಿದರೂ ಬಾಗಿಲು ಜಗ್ಗಲಿಲ್ಲ. ಕೊನೆಗೆ ಕೊಡಲಿ ತಂದು ಬಾಗಿಲಿನ ಕೆಳಭಾಗ ಒಡೆದ. ಆ ತೂತಿನಿಂದ ಚೈತನ್ಯಾ ಮೊದಲು ಮಗುವನ್ನು ದಾಟಿಸಿದಳು, ಆಮೇಲೆ ತಾನೂ ತೆವಳಿಕೊಂಡು ಹೊರಬಂದಳು. ಸರಸ ಮಗುವನ್ನು ಎದೆಗೊತ್ತಿಕೊಂಡಳು.

ಸದ್ದು ಕೇಳಿ ಪಕ್ಕದ ಮನೆಯ ಪ್ಯಾಟ್ರಿಶಿಯಾ ಬಂದಳು. ಅವಳು ಉಡುಪಿಯ ಒಂದು ಫ್ಲೋರಿಂಗ್ ಅಂಗಡಿಯ ಮ್ಯಾನೇಜರ್.

"ಅಡಿಯಲ್ಲಿ ಎಂತದೋ ಉಂಟು. ಭೂಮಿಯೇ ಎದ್ದಿತೋ ಏನೋ" ಎಂದಳು ಸರಸ.

ಪ್ಯಾಟ್ರಿಶಿಯಾ ತೂತಿನಿಂದಲೇ ಒಳಗೆ ನುಸುಳಿ, ಗೋಡೆಯ ಬುಡದ ಮರದ ಪಟ್ಟಿ ಕಿತ್ತು ನೋಡಿದಳು. ಹಲಗೆ ಗೋಡೆಗೆ ಒತ್ತಿ ಕೂತಿತ್ತು. ಉಗುರು ತೂರುವಷ್ಟೂ ಜಾಗವಿರಲಿಲ್ಲ.

"ಸರಸಕ್ಕಾ, ಇಲ್ಲಿ ಸಂದು ಯಾಕೆ ಬಿಡಲಿಲ್ಲ?"

"ಹಾಸುವವರು ಬಿಡ್ತೇವೆ ಅಂದ್ರು. ನಾನೇ ಬೇಡ ಅಂದೆ. ಸಂದಿನಲ್ಲಿ ಜಿರಳೆ ಸೇರ್ತದೆ ಅಲ್ವಾ?"

"ಈ ಹಲಗೆ ನೆಲಕ್ಕೆ ಅಂಟಿಸಿದ್ದಲ್ಲ ಅಕ್ಕ. ಒಂದಕ್ಕೊಂದು ಸಿಕ್ಕಿಸಿ ಸುಮ್ಮನೆ ಹಾಸಿದ್ದು. ತೇವಕ್ಕೆ ಹಿಗ್ತದೆ, ಒಣಗಿದಾಗ ಕುಗ್ತದೆ. ಹಿಗ್ಗುವಾಗ ಗೋಡೆ ಅಡ್ಡ ಬಂದರೆ ಎಲ್ಲಿ ಹೋಗ್ಬೇಕು? ಮೇಲೆ ಏಳ್ಬೇಕಷ್ಟೆ."

"ಒಳಗೆ ಒಂದು ಹನಿ ನೀರೂ ಬರ್ಲಿಲ್ಲ ಮಾರಾಯ್ತಿ."

"ಉಪ್ಪಿನ ಡಬ್ಬಿಗೆ ಯಾರಾದ್ರೂ ನೀರು ಹಾಕ್ತಾರಾ? ಆದ್ರೂ ಈಗ ಉಪ್ಪು ಒದ್ದೆಯಾಗುದಿಲ್ವಾ? ಗಾಳಿಯ ತೇವವೇ ಸಾಕು."

"ಎಷ್ಟು ಬಿಡ್ಬೇಕು?" ಎಂದಳು ಸರಸ.

"ಸಾಮಾನ್ಯವಾಗಿ ಒಂದು ಸೆಂಟಿಮೀಟರ್. ಹಲಗೆಯ ಕಂಪನಿಯವರು ಹೆಚ್ಚು ಹೇಳಿದ್ರೆ ಅಷ್ಟು. ನಾಲ್ಕು ಗೋಡೆ, ಬಾಗಿಲ ಚೌಕಟ್ಟು, ಪೈಪು, ಎಲ್ಲದರ ಸುತ್ತ. ಮೇಲೆ ಪಟ್ಟಿ ಕೂರಿಸಿದ್ರೆ ಸಂದು ಮುಚ್ಚಿಹೋಗ್ತದೆ. ಪಟ್ಟಿಯ ಮೊಳೆ ಮಾತ್ರ ಗೋಡೆಗೇ ಹೊಡೀಬೇಕು, ಹಲಗೆಗೆ ಅಲ್ಲ."

"ಸಂದಿಗೆ ಸಿಮೆಂಟ್ ತುಂಬಿಸಿದ್ರೆ?" ವಾಸು ಕೇಳಿದ.

"ತುಂಬಿಸಿದ ಮೇಲೆ ಸಂದು ಬಿಟ್ಟು ಎಂತ ಪ್ರಯೋಜನ?"

ಹಾಸಿದವರು ಮರುದಿನ ಬಂದು ಗೋಡೆ ಬದಿಯ ಹಲಗೆಗಳ ಅಂಚು ಕತ್ತರಿಸಿದರು. ಒತ್ತಡ ಬಿಟ್ಟ ನೆಲ ನಿಧಾನಕ್ಕೆ ತಗ್ಗಿತು. ಸಿಡಿದ ಹಲಗೆಗಳನ್ನು ಬದಲಾಯಿಸಬೇಕಾಯಿತು. ಪಟ್ಟಿ ಹೊಡೆಯುವ ಮೊದಲು ಸರಸ ತಾನೇ ಮೊಣಕಾಲೂರಿ, ಕೋಣೆಯ ಸುತ್ತ ಸಂದಿನಲ್ಲಿ ಕಿರುಬೆರಳು ಎಳೆಯುತ್ತಾ ಹೋದಳು. ಬಾಗಿಲ ಹತ್ತಿರ ಇನ್ನೊಮ್ಮೆ ನೋಡಿದಳು.

ನೀವೂ ಮನೆಗೆ ಮರದ ನೆಲ ಹಾಸಿಸುವವರೇ? ಪಟ್ಟಿ ಹೊಡೆಯುವ ಮೊದಲು ನೀವೇ ಬಗ್ಗಿ ನೋಡಿ. ಸಂದು ಇಲ್ಲದಿದ್ದರೆ ಕೆಲಸ ನಿಲ್ಲಿಸಿ ಕೇಳಿ. ಹಾಸಿದ ನೆಲ ಈಗಾಗಲೇ ಉಬ್ಬುತ್ತಿದ್ದರೆ, ಬಾಗಿಲು ಅದಕ್ಕೆ ತಾಗುತ್ತಿದ್ದರೆ, ಹಾಸಿದವರಿಗೆ ಇಂದೇ ಫೋನ್ ಮಾಡಿ. ಒಳಗೆ ನಿಮ್ಮವರು ಸಿಕ್ಕಿಹಾಕಿಕೊಳ್ಳುವವರೆಗೆ ಕಾಯಬೇಡಿ.