ಎರಡು ಪಾಳಿಯ ಮಂಚ

ನಾನು ಒಂದು ಹಗ್ಗದ ಮಂಚ. ಮುಳಬಾಗಿಲಿನ ಕಡೆಯ ಹಳ್ಳಿಯೊಂದರಲ್ಲಿ ಬಡಗಿ ಬೇವಿನ ಮರದಿಂದ ನನ್ನ ಕಾಲುಗಳನ್ನು ಕೆತ್ತಿದ. ನಾಗಿಯ ತಂದೆ ಕತ್ತಾಳೆ ನಾರಿನ ಹಗ್ಗ ಹೆಣೆದು, ಮಗಳ ಮದುವೆಗೆ ನನ್ನನ್ನು ಕೊಟ್ಟ. ಕೋಲಾರದ ನೆಲದಡಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿದಾಗ, ತುಂಡು ನೆಲವೂ ಇಲ್ಲದ ಅವಳ ಗಂಡ ಗುರ್ರಪ್ಪ ನನ್ನನ್ನು ತಲೆಯ ಮೇಲೆ ಹೊತ್ತು ಗಣಿಗೆ ನಡೆದ.

ಆಗ ಅಲ್ಲಿ ಗುಡಿಸಲಿಗಿಂತ ಬಯಲೇ ಹೆಚ್ಚಿತ್ತು. ರೈಲು ಬಂದ ಮೇಲೆ ಆರ್ಕಾಟಿನಿಂದ, ಚಿತ್ತೂರಿನಿಂದ ಜನ ಇಳಿಯುತ್ತಲೇ ಇದ್ದರು. ಬಿದಿರು ತಟ್ಟಿಯ ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡವು. ನನ್ನ ಮೇಲೆ ರಾತ್ರಿ ಗುರ್ರಪ್ಪ ಮಲಗುತ್ತಿದ್ದ. ಹಗಲು, ರಾತ್ರಿಪಾಳಿ ಮುಗಿಸಿ ಬಂದ ಆರ್ಕಾಟಿನ ಕುಪ್ಪನ್.

ಒಮ್ಮೆ ಗುರ್ರಪ್ಪನಿಗೆ ಜ್ವರ ಬಂತು. ಅವನು ಹೋಗದಿದ್ದರೆ, ಗೇಟಿನಲ್ಲಿ ಕಾದಿದ್ದ ಹೊಸಬರಲ್ಲೊಬ್ಬ ಅವನ ಜಾಗಕ್ಕೆ ಬರುತ್ತಿದ್ದ. ಕುಪ್ಪನ್ ಗಣಿಯವರು ಕೊಟ್ಟ ತನ್ನ ಗುರುತಿನ ಬಿಲ್ಲೆ ಕಳಚಿಟ್ಟು ಗುರ್ರಪ್ಪನದನ್ನು ಕೊರಳಿಗೆ ಹಾಕಿಕೊಂಡ.

"ಮಲ್ಕೋ ಅಣ್ಣ. ನನ್ನ ಪಾಲಿನ ನಿದ್ದೇನೂ ನೀನೇ ಮಾಡು."

ಅಂದು ಬಂಡೆ ಕುಸಿಯಿತು. ಕುಪ್ಪನ ಮುಖ ಗುರುತು ಸಿಗಲಿಲ್ಲ. ಬಿಲ್ಲೆ ನೋಡಿ, ಗುರ್ರಪ್ಪ ಸತ್ತನೆಂದು ಬರೆದುಕೊಂಡರು.

ಬಿಲ್ಲೆ ಬದಲಿಸಿದವರನ್ನು ಗಣಿಯಿಂದ ಹೊರಗಟ್ಟುತ್ತಿದ್ದರು. ಜ್ವರ ಇಳಿದ ಮೇಲೆ ಗುರ್ರಪ್ಪ ಕುಪ್ಪನ ಬಿಲ್ಲೆ ಕಟ್ಟಿಕೊಂಡು ರಾತ್ರಿಪಾಳಿಗೆ ಹೋದ. ದಿನವೂ ಹೊಸ ಜನ ಸೇರುವ ಕಡೆ ಮುಖ ನೋಡುವವರು ಯಾರು?

ಆ ವಾರವೇ ಕುಪ್ಪನ ಹೆಂಡತಿ ಪಚ್ಚಿಯಮ್ಮ ಕೂಸಿನೊಂದಿಗೆ ರೈಲಿನಿಂದ ಇಳಿದಳು. ನಾಗಿ ನಿಜ ಹೇಳಿದಳು. ಪಚ್ಚಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ನನ್ನ ಹಗ್ಗಕ್ಕೆ ಮುಖ ಒತ್ತಿ ಅತ್ತಳು. ಆಮೇಲೆ ನಾಗಿಯ ಕಾಲು ಹಿಡಿದಳು.

"ಅಕ್ಕಾ, ಊರಲ್ಲಿ ಏನೂ ಉಳಿದಿಲ್ಲ. ಈ ಕೂಸನ್ನ ಎತ್ತಿಕೊಂಡು ಎಲ್ಲಿಗೆ ಹೋಗಲಿ?"

ಮರುದಿನ ಕಾವಲುಗಾರ ಬಾಗಿಲಿಗೆ ಬಂದ. "ಗುರ್ರಪ್ಪನ ಹೆಂಡ್ತಿ ಯಾರಮ್ಮ? ಸತ್ತೋನ ಮನೆಯೋರು ಗುಡಿಸ್ಲು ಖಾಲಿ ಮಾಡ್ಬೇಕು. ಕುಪ್ಪನ ಮನೆಯೋರು ಇರ್ಬಹುದು."

ಗುರ್ರಪ್ಪ ನನ್ನ ಮೇಲೆ ಕುಳಿತಿದ್ದ. ಅವನ ಬೆರಳುಗಳು ನನ್ನ ಹಗ್ಗವನ್ನು ಬಿಗಿಯಾಗಿ ಹಿಡಿದವು.

ನಾಗಿ ಕೂಸಿನ ಕಡೆ ನೋಡಿದಳು. ಅವಳಿಗೆ ಮಕ್ಕಳಿರಲಿಲ್ಲ.

"ನಾನೇ, ಸ್ವಾಮಿ."

"ಗಂಡ ಸತ್ರೂ ಕುಂಕುಮ ಇಟ್ಕೊಂಡಿದ್ದೀಯಲ್ಲೇ!"

ಅವಳು ಅಂಗೈಯಿಂದ ಹಣೆ ಒರೆಸಿಕೊಂಡಳು. "ಮಂಚ ನಮ್ಮಪ್ಪ ಕೊಟ್ಟಿದ್ದು," ಎಂದಳು. ಗುರ್ರಪ್ಪ ಎದ್ದು ನಿಂತ.

ಈಗ ನಾನು ಬೌರಿಂಗ್‌ಪೇಟೆಯ ರೈಲುನಿಲ್ದಾಣದ ಹೊರಗೆ ಬೇಲಿಗೆ ಒರಗಿದ್ದೇನೆ. ಒಂದು ಕಾಲು ಮುರಿದಿದೆ, ಹಗ್ಗ ಜೋತುಬಿದ್ದಿದೆ. ನಾಗಿ ಪಕ್ಕದಲ್ಲಿ ಕುಳಿತು ಕಡಲೆಕಾಯಿ ಮಾರುತ್ತಾಳೆ. ಮಂಚವೊಂದು ಭಾರ ತಾಳಬಲ್ಲದು. ಇಳಿದು ಹೋದವರನ್ನು ತಡೆಯಲಾರದು. ಮೊದಲ ಕೆಲವು ಭಾನುವಾರ ಗುರ್ರಪ್ಪ ಬಂದ. ಆಮೇಲೆ ಬರಲಿಲ್ಲ. ಪಚ್ಚಿಯಮ್ಮ ಮತ್ತೆ ಬಸುರಿಯೆಂದು, ಗಣಿಯಿಂದ ಬಂದವರು ಯಾರೋ ಕಡಲೆಕಾಯಿ ಕೊಳ್ಳುತ್ತಾ ಹೇಳಿಹೋದರು.