ಕಳ್ಳಿ ಬಯಲಿನ ಹೆಜ್ಜೆ

ಸಗ್ವಾರೊ ಕಳ್ಳಿಗಳ ತಲೆಯ ಮೇಲೆ ಹಿಮ ಕೂತಿತ್ತು. ಅರಿಜೋನಾದ ಈ ಮರಳುಬಯಲಲ್ಲಿ ಹುಟ್ಟಿ ಮುದುಕಿಯಾದ ನಾನು ಅಂಥದ್ದನ್ನು ಕಂಡಿರಲಿಲ್ಲ. ಚಂದವೇನೂ ಅನ್ನಿಸಲಿಲ್ಲ, ಹೆದರಿಕೆಯಾಯಿತು. ಹಿಂದಿನ ಬೆಳಿಗ್ಗೆ ಹಿಮ ನಿಂತ ಕೂಡಲೇ, ಕರು ಹಾಕಲಿದ್ದ ಹಸುವನ್ನು ಹುಡುಕಲು ಹೋದ ಅಣ್ಣ ಫಾಕುಂಡೊ ಮರಳಿರಲಿಲ್ಲ. ರಾತ್ರಿಯಿಡೀ ಕೂಗಿ ನಮ್ಮ ಗಂಟಲು ಕಟ್ಟಿತ್ತು.

ಬೆಳಕು ಹರಿಯುತ್ತಲೇ ಅವನ ಮಗ ಚೆಮಾ ಮತ್ತು ನಾನು ಹೊರಟೆವು. ನಮ್ಮದು ಹೆಜ್ಜೆ ಓದುವ ಮನೆತನ. ಮರಳಿನ ಗುರುತು ನೋಡಿ ಯಾವ ಹಸು, ಎಷ್ಟು ದಣಿದಿದೆ ಎಂದು ಹೇಳಬಲ್ಲೆವು. ಅದರ ಜಂಬ ಅಣ್ಣನಿಗೆ ವಿಪರೀತ.

ದಿಬ್ಬದ ನೆರಳಲ್ಲಿ, ಹಿಮದ ಮೇಲೆ ಅವನ ಬೂಟಿನ ಗುರುತು ಸ್ಪಷ್ಟವಾಗಿತ್ತು. ನೆರಳು ಮುಗಿದಲ್ಲಿ ಆ ಹೆಜ್ಜೆ ನಿಂತಿತು. ಅಲ್ಲಿಂದ ಮುಂದೆ ಹೋಗಿದ್ದವು ಎರಡರಷ್ಟು ದೊಡ್ಡ ಹೆಜ್ಜೆಗಳು, ಬೆರಳಿಲ್ಲದವು, ಅಂಚು ಕರಗಿದವು.

"ಅತ್ತೆ, ಇದು ಮನುಷ್ಯಂದಲ್ಲ," ಚೆಮಾ ಪಿಸುಗುಟ್ಟಿದ. "ಇಲ್ಲಿಂದ ಬೇರೆ ಏನೋ ನಡ್ಕೊಂಡ್ ಹೋಗಿದೆ."

"ಬಾಯ್ಮುಚ್ಕೊಂಡ್ ನಡಿಯೋ. ಅಷ್ಟು ದಪ್ಪ ಮೀಸೆ ಯಾಕೆ ಬಿಟ್ಟಿದೀಯ?"

ಗದರಿದೆನೇ ಹೊರತು ನಾನೂ ಬಗ್ಗಿ ಆ ಗುರುತಿಗೆ ಗೇಣು ಹಾಕಿ ನೋಡಿದೆ. ಮರಳಿನಲ್ಲಿ ಹೆಜ್ಜೆ ಸವೆಯುತ್ತದೆ, ಮುಚ್ಚಿಹೋಗುತ್ತದೆ. ಬೆಳೆಯುವುದಿಲ್ಲ.

ಸ್ವಲ್ಪ ದೂರದಲ್ಲಿ ಅಣ್ಣನ ಹೆಜ್ಜೆ ಮತ್ತೆ ಕಂಡಿತು, ಎದುರಿನಿಂದ ಬಂದಂತೆ. ಸಂಜೆ ಮನೆಯತ್ತ ಬರುತ್ತಿದ್ದವನು ಆ ದೊಡ್ಡ ಗುರುತುಗಳನ್ನು ಕಂಡು ನಿಂತಿದ್ದಾನೆ. ಸುತ್ತ ತುಳಿದಾಡಿದ್ದಾನೆ. ಆಮೇಲೆ ಬಂದ ದಾರಿಯಲ್ಲೇ ಓಡಿದ್ದಾನೆ.

ಎದುರಿನ ಗುಡ್ಡದ ಮೇಲೆ ಸಿಕ್ಕಿದ. ಮೆಸ್ಕೀಟ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ, ಕೈಯಲ್ಲಿ ಬಿಚ್ಚಿದ ಚಾಕು. ರೆಪ್ಪೆಯ ಮೇಲೆ ಮಂಜು ಗಟ್ಟಿಯಾಗಿತ್ತು. ಮುಟ್ಟಿದರೆ ಕಲ್ಲು. ನಾನು ಕಟ್ಟಿಕೊಟ್ಟಿದ್ದ ಬರೀಟೊ ರೊಟ್ಟಿ ಜೇಬಿನಲ್ಲಿ ಹಾಗೇ ಇತ್ತು. ಅವನ ತಲೆಯನ್ನು ಎದೆಗೊತ್ತಿಕೊಂಡು ಬಿಸಿಲೇರುವವರೆಗೂ ಅತ್ತೆ.

"ಯಾರು, ಅತ್ತೆ? ಅಪ್ಪನ್ನ ಹಿಂಗೆ ಅಟ್ಟಿಸ್ಕೊಂಡ್ ಬಂದಿದ್ದು ಯಾರು?" ಚೆಮಾ ಅರಚಿದ.

ಹೇಳಲು ತಲೆ ಎತ್ತಿದವಳು ನಾವು ಹತ್ತಿಬಂದ ದಾರಿ ನೋಡಿದೆ. ಬಿಸಿಲಿಗೆ ಅಂಚಿನ ಹಿಮ ಕರಗಿ ನಮ್ಮ ಹೆಜ್ಜೆಗಳು ಅಗಲವಾಗಿದ್ದವು. ನನ್ನ ಪುಟ್ಟ ಪಾದದ ಗುರುತು ಯಾವುದೋ ದೈತ್ಯನದಾಗಿತ್ತು.

ಅಣ್ಣ ಕೂತಿದ್ದಲ್ಲಿಂದ ನಮ್ಮ ಮನೆಯ ಹೊಗೆ ಕಾಣುತ್ತಿತ್ತು. ಅವನಿಗೂ ಆ ಒಲೆಗೂ ನಡುವೆ, ಹಿಂದಿನ ಬೆಳಿಗ್ಗೆ ಅವನೇ ನಡೆದು ಹೋದ ಹೆಜ್ಜೆ ಬಿಟ್ಟರೆ ಬೇರೇನೂ ಇರಲಿಲ್ಲ.